ಮುಟ್ಟು ನಿಂತ ಓಟಗಾರ್ತಿ

2013ರ ಮಾಸ್ಕೋ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 1500 ಮೀಟರ್ ಫೈನಲ್ ಓಡಿದಾಗ ಅಮೆರಿಕದ ಮೇರಿ ಕೇನ್‌ಗೆ 17 ವರ್ಷ. ಆಮೇಲೆ ಆಕೆ ಒರೆಗಾನ್‌ನಲ್ಲಿದ್ದ ನೈಕಿ ಕಂಪನಿಯ ತಂಡ ಸೇರಿದರು. ಕೋಚ್ ಆಲ್ಬರ್ಟೊ ಸಲಝಾರ್, ಆಗಿನ ಕಾಲಕ್ಕೆ ಬಹಳ ದೊಡ್ಡ ಹೆಸರು. 2019ರ ನವೆಂಬರ್‌ನಲ್ಲಿ ಕೇನ್ ಬಾಯಿಬಿಟ್ಟರು. ತೂಕ ಇಳಿಸು ಎಂಬ ಒಂದೇ ಒತ್ತಾಯ. ತಂಡದವರ ಎದುರೇ ತೂಕ ನೋಡಿ ಅವಮಾನ. ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು. ಸಲಝಾರ್ ಆರೋಪಗಳನ್ನು ಅಲ್ಲಗಳೆದರು.

ಮುಟ್ಟಿಗೂ ಮೂಳೆಗೂ ಏನು ಸಂಬಂಧ?

ದಿನಕ್ಕೆ ತಿಂದ ಕ್ಯಾಲರಿಯಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆಯಿರಿ. ದೇಹದ ಮಿಕ್ಕೆಲ್ಲ ಕೆಲಸ ಉಳಿದದ್ದರಲ್ಲೇ ನಡೆಯಬೇಕು. ಕೊಬ್ಬು ಬಿಟ್ಟು ಉಳಿದ ತೂಕದ ಪ್ರತಿ ಕಿಲೋಗೆ ಸುಮಾರು 45 ಕ್ಯಾಲರಿ ಉಳಿದರೆ ಚಿಂತೆಯಿಲ್ಲ. ಅದು 30ಕ್ಕಿಂತ ಕೆಳಗಿಳಿದರೆ, ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನಿನ ಮಿಡಿತ ಬರೀ ಐದು ದಿನದಲ್ಲಿ ನಿಧಾನವಾಗುತ್ತದೆ ಎಂದು ಸಂಶೋಧಕಿ ಆನ್ ಲೌಕ್ಸ್ ಮತ್ತು ಜೊತೆಗಾರರು 2003ರಲ್ಲಿ ತೋರಿಸಿದರು. ಸಂಬಳ ಸಾಲದ ಮನೆಯಲ್ಲಿ ಮೊದಲು ಸುಣ್ಣಬಣ್ಣ ನಿಲ್ಲುವ ಹಾಗೆ, ಮಿದುಳು ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ. ಹಳೆಯ ಮೂಳೆ ಕರಗುವ ವೇಗಕ್ಕೆ ಕಡಿವಾಣ ಹಾಕುವುದು ಇದೇ ಹಾರ್ಮೋನು. ಅದಿಲ್ಲದಿದ್ದರೆ ಕಟ್ಟುವುದಕ್ಕಿಂತ ಕರಗುವುದೇ ಜಾಸ್ತಿ. ಅಂಥ ಮೂಳೆಯ ಮೇಲೆ ವಾರಕ್ಕೆ ನೂರು ಕಿಲೋಮೀಟರ್ ಓಡಿದರೆ ಬಿರುಕು ಬಿಡದೆ ಇನ್ನೇನು? ಅದೂ ಜೀವನಪೂರ್ತಿ ಬೇಕಾಗುವ ಮೂಳೆ ಕೂಡಿಡುವ ಹದಿಹರೆಯದಲ್ಲಿ.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ 'ರೆಡ್-ಎಸ್' (ಕ್ರೀಡಾಪಟುವಿನ ದೇಹಕ್ಕೆ ಶಕ್ತಿ ಸಾಲದಿರುವುದು) ಎಂದು ಹೆಸರಿಟ್ಟಿತು. ಹುಡುಗರಿಗೂ ಇದು ತಪ್ಪಿದ್ದಲ್ಲ. ಅವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಆದರೆ ಮುಟ್ಟಿನಂಥ ಸ್ಪಷ್ಟ ಸೂಚನೆ ಇರುವುದಿಲ್ಲ.

ಅರಿಯದೆ ಕಡಿಮೆ ತಿಂದರೂ ರೆಡ್-ಎಸ್ ಬರಬಹುದು. ಹಾಗಾಗಿ ಬರೀ ಮೂಳೆಯ ಎಕ್ಸ್‌ರೇ ನೋಡಿ ದೌರ್ಜನ್ಯ ನಡೆದಿದೆ ಎನ್ನಲಾಗದು. ನೋಡಬೇಕಾದದ್ದು ಸೂಚನೆ ಸಿಕ್ಕ ಮೇಲೆ ಕೋಚ್ ಏನು ಮಾಡುತ್ತಾರೆ ಅನ್ನುವುದನ್ನು. ಒಳ್ಳೆಯ ಕೋಚ್ ಓಟ ಕಡಿಮೆ ಮಾಡಿಸಿ ಡಾಕ್ಟರ ಹತ್ತಿರ ಕಳಿಸುತ್ತಾರೆ. ಇನ್ನೊಬ್ಬರು 'ಮುಟ್ಟು ನಿಂತಿತಾ, ಒಳ್ಳೆಯದೇ, ಫಿಟ್ ಆಗಿದ್ದೀಯ' ಎನ್ನುತ್ತಾರೆ. ಸಮಯ ಹಿಂದೆ ಬಿದ್ದರೆ ಇನ್ನೂ ತೂಕ ಇಳಿಸು ಎನ್ನುತ್ತಾರೆ. ನೋವು ಎಂದರೆ ನಾಟಕ ಎನ್ನುತ್ತಾರೆ. ಕೋಚ್ ಎಷ್ಟು ಜೋರಾಗಿ ಬೈಯುತ್ತಾರೆ ಅನ್ನುವುದು ನನ್ನ ಪ್ರಕಾರ ಅಂಥ ಮುಖ್ಯ ಅಲ್ಲ. ಮೆಲುದನಿಯಲ್ಲೇ ಮಗುವನ್ನು ಹಸಿವಿಗೆ ದೂಡುವವರಿದ್ದಾರೆ.

ಇಂಥ ವಾತಾವರಣ ಇನ್ನೂ ಕೆಟ್ಟದ್ದಕ್ಕೆ ದಾರಿ ಮಾಡಿಕೊಡುತ್ತದೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ವಿಚಾರಣೆಯಲ್ಲಿ 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೇಳಿಕೆ ಕೊಟ್ಟರು. ಆ ತಂಡ ತರಬೇತಿ ಪಡೆಯುತ್ತಿದ್ದ ಟೆಕ್ಸಾಸ್‌ನ ಕರೋಲಿ ಶಿಬಿರದೊಳಗೆ ತಂದೆತಾಯಿಗೆ ಪ್ರವೇಶವಿರಲಿಲ್ಲ. ಊಟಕ್ಕೆ ಕಟ್ಟುನಿಟ್ಟು, ಕೋಚ್‌ಗಳ ಭಯ. ಆ ಭಯದ ನಡುವೆ ಕದ್ದು ಸಿಹಿ ತಂದುಕೊಡುತ್ತಿದ್ದವನು ಈ ನಾಸರ್. ಮಕ್ಕಳ ಪಾಲಿಗೆ ಅಲ್ಲಿದ್ದ ಒಬ್ಬನೇ ಒಳ್ಳೆಯವನು! ಚಿಕಿತ್ಸೆ ಎಂಬ ನೆಪದಲ್ಲಿ ಅವನು ಲೈಂಗಿಕ ದೌರ್ಜನ್ಯ ಎಸಗಿದ. ಕೆಲವೊಮ್ಮೆ ತಾಯಿ ಅದೇ ಕೋಣೆಯಲ್ಲಿದ್ದಾಗಲೂ, ಅವರಿಗೆ ಕಾಣದಂತೆ ಅಡ್ಡ ನಿಂತು. ಹಸಿದ, ಒಂಟಿಯಾದ, ತನ್ನ ನೋವನ್ನೇ ನಂಬಬಾರದೆಂದು ಕಲಿತ ಮಗು ಯಾರಿಗೆ ತಾನೇ ಹೇಳೀತು?

ಆದ್ದರಿಂದ ಮೈದಾನದಿಂದ ಬಂದ ಮಗುವನ್ನು ಪದಕ, ಟೈಮಿಂಗ್ ಮಾತ್ರ ಕೇಳಿದರೆ ಸಾಲದು. ಹೋದ ತಿಂಗಳು ಮುಟ್ಟಾಯಿತಾ, ತೂಕ ಯಾರೆದುರು ನೋಡುತ್ತಾರೆ, ಫಿಸಿಯೋ ಹತ್ತಿರ ಹೋದಾಗ ಏನು ಮಾಡುತ್ತಾರೆ ಎಂದು ಸುಮ್ನೆ ಮಾತಿನ ನಡುವೆ ಕೇಳಬಹುದು. ಪೋಷಕರು ಅಭ್ಯಾಸ ನೋಡಲೇಬಾರದು ಎನ್ನುವ ಕ್ಯಾಂಪ್ ಇದ್ದರೆ ಕಾರಣ ಕೇಳಲೇಬೇಕು.

ನಮ್ಮಲ್ಲಿ 18 ತುಂಬದವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098. ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ದೊಡ್ಡವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆ ನಡೆಸುವವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. 'ಅಕಾಡೆಮಿ ಮರ್ಯಾದೆ, ನಮ್ಮಲ್ಲೇ ಮುಗಿಸೋಣ' ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ.