ಹೆಡ್‌ಫೋನಿಗೆಂದೇ ಬೇರೆ ಆಂಪ್ಲಿಫೈಯರ್ ಬೇಕೇ?

ಪ್ರಶ್ನೆ: ನನ್ನ ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಹೆಡ್‌ಫೋನ್ ಸಾಕೆಟ್ ಇದೆ. ಮನೆಯಲ್ಲಿ ಸಂಗೀತ ಕೇಳಲು ಅಷ್ಟು ಸಾಲದೇ? ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರ್ ಕೊಂಡರೆ ನಿಜವಾಗಿ ವ್ಯತ್ಯಾಸ ಕೇಳಿಸುತ್ತದೆಯೇ?

ಹೆಚ್ಚಿನವರಿಗೆ ಇರುವ ಸಾಕೆಟ್ಟೇ ಸಾಕು. ನಿಮಗೆ ಸಾಕೇ ಎಂದು ತಿಳಿಯಲು ಹೆಡ್‌ಫೋನ್ ಜೊತೆ ಬಂದ ಚೀಟಿಯಲ್ಲಿ ಎರಡು ಅಂಕಿಗಳನ್ನು ಹುಡುಕಿ: ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಇಷ್ಟು ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು) ಎಷ್ಟು ಡೆಸಿಬಲ್.

32 ಓಮ್, ಒಂದು ಮಿಲಿವ್ಯಾಟ್‌ಗೆ 100 ಡೆಸಿಬಲ್ ಎಂದಿದೆ ಎನ್ನಿ. ಸಂಗೀತ ಭೋರ್ಗರೆಯುವ ಕ್ಷಣಗಳಿಗಾಗಿ 110 ಡೆಸಿಬಲ್ ತನಕ ಅವಕಾಶ ಇಟ್ಟುಕೊಂಡರೂ ಬೇಕಾಗುವುದು 10 ಮಿಲಿವ್ಯಾಟ್, ಸುಮಾರು 0.57 ವೋಲ್ಟ್. ಲ್ಯಾಪ್‌ಟಾಪ್ ಇದನ್ನು ಸಲೀಸಾಗಿ ಕೊಡುತ್ತದೆ. ಅದೇ 300 ಓಮ್, 97 ಡೆಸಿಬಲ್‌ನ ಹೆಡ್‌ಫೋನ್ ಆದರೆ 20 ಮಿಲಿವ್ಯಾಟ್, ಅಂದರೆ ಹೆಚ್ಚುಕಡಿಮೆ ಎರಡೂವರೆ ವೋಲ್ಟ್ ಬೇಕು. ಒಂದು ವೋಲ್ಟ್‌ಗೆ ಸುಸ್ತಾಗುವ ಸಾಕೆಟ್‌ನಲ್ಲಿ ಮೆಲುದನಿಯ ರೆಕಾರ್ಡಿಂಗ್ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ತೃಪ್ತಿಯಾಗದು. ಎಲ್ಲ ಲ್ಯಾಪ್‌ಟಾಪ್‌ಗಳೂ ಹೀಗಿಲ್ಲ; 2021ರ ಮ್ಯಾಕ್‌ಬುಕ್ ಪ್ರೊ 150 ಓಮ್ ಮೀರಿದ ಹೆಡ್‌ಫೋನಿಗೆ 3 ವೋಲ್ಟ್ ತನಕ ಕೊಡುತ್ತದೆ.

ಸ್ಟೀರಿಯೊ ಆಂಪ್ಲಿಫೈಯರ್‌ನ ಕಥೆ ಬೇರೆ. ಅಲ್ಲಿ ಶಕ್ತಿಗೆ ಬರವಿಲ್ಲ. ಆದರೆ ಎಷ್ಟೋ ಮಾದರಿಗಳಲ್ಲಿ ಹೆಡ್‌ಫೋನಿಗೆಂದು ಬೇರೆ ಸರ್ಕ್ಯೂಟ್ ಇರುವುದಿಲ್ಲ. ಸ್ಪೀಕರಿಗೆ ಹೋಗುವ ಸಿಗ್ನಲ್ಲನ್ನೇ ನೂರಾರು ಓಮ್‌ಗಳ ರೆಸಿಸ್ಟರ್ ಮೂಲಕ ಹಾಯಿಸಿ ಸಾಕೆಟ್ಟಿಗೆ ತಂದಿರುತ್ತಾರೆ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ ಐಇಸಿಯ 1996ರ 61938 ಮಾನದಂಡವೇ ಸಾಕೆಟ್ಟಿಗೆ 120 ಓಮ್ ಎಂದು ಸೂಚಿಸಿತ್ತು. ಈ ರೆಸಿಸ್ಟರ್ ಮತ್ತು ಹೆಡ್‌ಫೋನ್ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಹೆಡ್‌ಫೋನಿನ ಇಂಪಿಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿದ್ದರೆ ಚಿಂತೆಯಿಲ್ಲ, ದನಿ ಒಟ್ಟಾರೆ ತಗ್ಗುತ್ತದೆ ಅಷ್ಟೆ. ಚಪ್ಪಟೆ ಪೊರೆ ಕಂಪಿಸುವ ಪ್ಲೇನಾರ್ ಹೆಡ್‌ಫೋನ್‌ಗಳು ಹೆಚ್ಚಾಗಿ ಹೀಗೆಯೇ. ಆದರೆ 300 ಓಮ್‌ನ ಡೈನಾಮಿಕ್ (ತಂತಿಸುರುಳಿ ಕಂಪಿಸುವ ಸಾಮಾನ್ಯ ಬಗೆಯ) ಹೆಡ್‌ಫೋನ್ ಮಂದ್ರದಲ್ಲಿ 500 ಓಮ್‌ಗೆ ಏರಬಹುದು. 120 ಓಮ್‌ನ ಸಾಕೆಟ್‌ನಲ್ಲಿ ಅದರ ಮಂದ್ರ ಸುಮಾರು ಒಂದು ಡೆಸಿಬಲ್ ಉಬ್ಬುತ್ತದೆ. ಕೆಲವರಿಗೆ ಅದು ಹಿತವೇ. ಒಂದೊಂದು ಸ್ವರಕ್ಕೆ 10ರಿಂದ 40 ಓಮ್ ನಡುವೆ ಏರಿಳಿಯುವ ಇಯರ್‌ಫೋನನ್ನು ಅದೇ ಸಾಕೆಟ್ಟಿಗೆ ಸಿಕ್ಕಿಸಿದರೆ ವ್ಯತ್ಯಾಸ 10 ಡೆಸಿಬಲ್! ತಯಾರಕರು ಕಷ್ಟಪಟ್ಟು ಕೂಡಿಸಿದ ನಾದದ ಹದವೆಲ್ಲ ಕೆಟ್ಟಂತೆ. ಒಂದು ಓಮ್‌ನ ಸಾಕೆಟ್‌ನಲ್ಲಿ ಈ ವ್ಯತ್ಯಾಸ ಕೇವಲ 0.6 ಡೆಸಿಬಲ್. ಸಾಕೆಟ್ಟಿನ ಓಮ್ ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಪಾಲು ಮೀರಬಾರದು ಎಂಬ ರೂಢಿಯ ಲೆಕ್ಕ ಹುಟ್ಟಿದ್ದು ಇದಕ್ಕೇ.

ಇದನ್ನು ಮನೆಯಲ್ಲೇ ಅಳೆಯಬಹುದು. ನಾನು ನನ್ನ ಹಳೆಯ ಆಂಪ್ಲಿಫೈಯರ್‌ನಲ್ಲಿ 50 ಹರ್ಟ್ಸ್‌ನ ಸ್ವರ ನುಡಿಸಿ, ಸಾಕೆಟ್ಟಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದೆ. ಒಂದು ವೋಲ್ಟ್ ತೋರಿಸಿತು. ಅದೇ ತುದಿಗಳ ನಡುವೆ 100 ಓಮ್‌ನ ರೆಸಿಸ್ಟರ್ ಸೇರಿಸುತ್ತಲೇ ಮುಳ್ಳು 0.45ಕ್ಕೆ ಇಳಿಯಿತು. ಒಂದನ್ನು 0.45ರಿಂದ ಭಾಗಿಸಿ, ಒಂದು ಕಳೆದು, 100ರಿಂದ ಗುಣಿಸಿದರೆ ಸುಮಾರು 120 ಓಮ್. ಆ ಆಂಪ್ಲಿಫೈಯರ್‌ನ ಮಂದ್ರ ಎಷ್ಟು ತುಂಬಿಕೊಂಡಿದೆ ಎಂದು ವರ್ಷಗಟ್ಟಲೆ ಮೆಚ್ಚಿದ್ದೆ. ಅದರ ಒಂದು ಪಾಲಾದರೂ ಈ ರೆಸಿಸ್ಟರಿನ ಕೊಡುಗೆ ಎಂದು ಅಂದು ಗೊತ್ತಾಯಿತು.

ಇನ್ನು ಸದ್ದಿನ ತೊಂದರೆ. ಕಂಪ್ಯೂಟರಿಗೆ ಸಿಕ್ಕಿಸಿ ಮೌಸ್ ಸರಿಸಿದಾಗ ಕಿವಿಯಲ್ಲಿ ಕಿರಕಿರ ಕೇಳಿಸಿದರೆ, ಆ ಸಾಕೆಟ್ಟಿಗೇ ಆಂಪ್ಲಿಫೈಯರ್ ಜೋಡಿಸಬೇಡಿ. ಸಂಗೀತದ ಜೊತೆಗೆ ಕಿರಕಿರವೂ ದೊಡ್ಡದಾಗುತ್ತದೆ. ಅಲ್ಲಿ ಬೇಕಾದದ್ದು ಯುಎಸ್‌ಬಿಗೆ ಸೇರುವ ಡ್ಯಾಕ್, ಅಂದರೆ ಡಿಜಿಟಲ್ ಸಂಗೀತವನ್ನು ಕಂಪ್ಯೂಟರಿನ ಹೊರಗೆ ಅನಲಾಗ್ ಸಿಗ್ನಲ್ ಆಗಿಸುವ ಸಾಧನ; ಹೆಡ್‌ಫೋನ್ ಸಾಕೆಟ್ಟೂ ಇರುವ ಚಿಕ್ಕ ಡ್ಯಾಕ್ ಒಂದೇ ಎರಡೂ ಕೆಲಸ ಮುಗಿಸುತ್ತದೆ.

ಇರುವ ಸಾಕೆಟ್ಟನ್ನೂ ಹೊಸ ಆಂಪ್ಲಿಫೈಯರನ್ನೂ ಹೋಲಿಸುವಾಗ ದನಿ ಸಮ ಮಾಡಿಕೊಳ್ಳಿ, ಅದೂ ಕಿವಿಯಿಂದಲ್ಲ, ಮೀಟರಿನಿಂದ. ಅರ್ಧ ಡೆಸಿಬಲ್ ಜೋರಾದದ್ದು ನಮಗೆ ಜೋರು ಎನಿಸುವುದೇ ಇಲ್ಲ, ಹೆಚ್ಚು ಸ್ಪಷ್ಟ, ಹೆಚ್ಚು ಜೀವಂತ ಎನಿಸುತ್ತದೆ. ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲೇ ಎರಡರಲ್ಲೂ ವೋಲ್ಟೇಜ್ ಒಂದು ಶೇಕಡಾದೊಳಗೆ ಹೊಂದಿಸಿ, ಯಾವುದು ನುಡಿಯುತ್ತಿದೆ ಎಂದು ಕಾಣದಂತೆ ಬೇರೊಬ್ಬರಿಂದ ಬದಲಾಯಿಸಿ ಕೇಳಿ. ಆಗಲೂ ಗುರುತಿಸಬಲ್ಲಿರಾದರೆ ಕೊಳ್ಳಿ. ಕೊಳ್ಳುವಾಗ ಕೇಳಬೇಕಾದ ಅಂಕಿಗಳು ಎರಡೇ: ಔಟ್‌ಪುಟ್ ಇಂಪಿಡೆನ್ಸ್ (ಮೇಲೆ ಹೇಳಿದ ಸಾಕೆಟ್ಟಿನ ಓಮ್) ಎರಡು ಓಮ್‌ನೊಳಗಿದೆಯೇ, ನಿಮ್ಮ ಹೆಡ್‌ಫೋನಿನ ಓಮ್‌ಗೆ ಅದು ಎಷ್ಟು ವೋಲ್ಟ್ ಕೊಡುತ್ತದೆ.