ತೋಟದ ಸುಣ್ಣ, ಕಡಲಿನ ಸುಣ್ಣ

2025ರ ಮೇ ಕೊನೆಯಲ್ಲಿ ಒಂದೇ ದಿನ ನನ್ನ ಪರೀಕ್ಷೆಯ ಮೇಜಿಗೆ ಎರಡು ಸ್ಯಾಂಪಲ್ ಬಂದವು. ಒಂದು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಅಡಿಕೆ ತೋಟದ ಕೆಂಪು ಮಣ್ಣು, ಹಳೆ ಗೊಬ್ಬರದ ಚೀಲದಲ್ಲಿ. (ಹಾಗೆ ತರಬೇಡಿ ಅಂತ ಎಷ್ಟು ಸಲ ಹೇಳಿದರೂ ತರುತ್ತಾರೆ. ಚೀಲದ ಮೂಲೆಯಲ್ಲಿ ಉಳಿದ ಪುಡಿ ಸಾಕು, ರಿಪೋರ್ಟ್ ಪೂರ್ತಿ ಸುಳ್ಳಾಗುತ್ತದೆ.) ಇನ್ನೊಂದು ಅದೇ ಜಿಲ್ಲೆಯ ಪಡನ್ನದ ಹಿನ್ನೀರು, ಬಾಟಲಿಯಲ್ಲಿ. ತಂದವರು ಅಲ್ಲಿ ಕಲ್ಲುಮ್ಮಕ್ಕಾಯಿ ಅನ್ನುವ ಚಿಪ್ಪುಜೀವಿಯನ್ನು ಹಗ್ಗಕ್ಕೆ ಕಟ್ಟಿ ಬೆಳೆಸುವವರು.

ತೋಟದವರ ದೂರು: ಗೊಬ್ಬರ ಹಾಕಿದಷ್ಟೂ ಮರ ಸೊರಗುತ್ತಿದೆ. ಹಿನ್ನೀರಿನವರ ದೂರು: ಹಗ್ಗದಲ್ಲಿದ್ದ ಚಿಪ್ಪುಗಳು ಬಾಯಿ ಬಿಟ್ಟು ಸಾಯುತ್ತಿವೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಮಳೆಯನ್ನು ಬೈಯುತ್ತಿದ್ದರು.

ಮೊದಲು ಮಣ್ಣು ನೋಡಿದೆ. ಪಿಎಚ್, ಅಂದರೆ ಹುಳಿಯ ಅಳತೆ, 4.6. ಏಳು ಅಂದರೆ ಹುಳಿಯೂ ಅಲ್ಲ, ಸುಣ್ಣದ ಗುಣವೂ ಅಲ್ಲ. ಅದಕ್ಕಿಂತ ಇಳಿದರೆ ಹುಳಿ. ಈ ಲೆಕ್ಕದಲ್ಲಿ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 5.6 ಇದ್ದದ್ದು 4.6 ಆದರೆ ಒಂದು ಅಂಕಿ ತಾನೇ ಅಂತ ಸುಮ್ಮನಿರುವ ಹಾಗಿಲ್ಲ.

ನಮ್ಮ ಗುಡ್ಡೆಗಳೇ ಹಾಗೆ. ಮುರಕಲ್ಲು, ಅಂದರೆ ಇಲ್ಲಿನ ಕೆಂಪು ಕಲ್ಲು, ಲಕ್ಷಾಂತರ ವರ್ಷ ಮಳೆ ತೊಳೆದು ತೊಳೆದು ಉಳಿದದ್ದು. ಸುಣ್ಣದ ಅಂಶ ಕರಗಿ ಹೊಳೆ ಸೇರಿತು, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯಿತು. ಕೆಂಪು ಬಣ್ಣ ಆ ಕಬ್ಬಿಣದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮಳೆನೀರೂ ಅಲ್ಪ ಹುಳಿಯೇ, ಯಾಕೆಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿರುತ್ತದೆ. ನಂಬಿಕೆ ಬಾರದಿದ್ದರೆ ಸುರಂಗದ (ಗುಡ್ಡೆಗೆ ಅಡ್ಡ ಕೊರೆದ ಬಾವಿಯ) ನೀರು ಬರುವ ಯಾವುದಾದರೂ ಮನೆಯ ಬಚ್ಚಲಿಗೆ ಹೋಗಿ. ಹಿತ್ತಾಳೆ ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ ಇದ್ದರೆ, ಹುಳಿ ನೀರು ತಾಮ್ರವನ್ನು ನಿಧಾನಕ್ಕೆ ತಿನ್ನುತ್ತಿದೆ ಅಂತ ಅರ್ಥ. ಅದೇ ನೀರಿನಲ್ಲಿ ಸಾಬೂನು ಮಾತ್ರ ಭರ್ಜರಿ ನೊರೆ ಕೊಡುತ್ತದೆ. ಸುಣ್ಣವೇ ಇಲ್ಲವಲ್ಲ.

ಪಿಎಚ್ ಐದಕ್ಕಿಂತ ಕೆಳಗೆ ಬಂದಾಗ ಮಣ್ಣಿನಲ್ಲಿ ಸುಮ್ಮನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಏಳುತ್ತದೆ. ಬೇರಿನ ತುದಿಗೆ ಅದು ವಿಷ. ಬೇರು ಮೊಂಡಾಗುತ್ತದೆ, ನೀರು ಎಳೆಯಲಾರದು. ನೀವು ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ದುಡ್ಡು ಮಣ್ಣಿನಲ್ಲಿದೆ, ಮರಕ್ಕಿಲ್ಲ. ಇದರ ಮೇಲೆ ಯೂರಿಯಾ. ಅದು ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಇನ್ನಷ್ಟು ಹುಳಿ ಬಿಡುತ್ತದೆ. ಮರ ಹೀರುವ ಮೊದಲೇ ನೈಟ್ರೇಟ್ ಮಳೆಗೆ ಇಳಿದುಹೋದರೆ ಸುಣ್ಣವನ್ನೂ ಕೈಹಿಡಿದು ಕರೆದೊಯ್ಯುತ್ತದೆ.

ಮಳೆ ಬೀಳುವ ರೀತಿ ಬದಲಾದರೆ ಪೆಟ್ಟು ಇಲ್ಲೇ. ಆಟಿ ತಿಂಗಳ (ಜುಲೈ-ಆಗಸ್ಟ್) ಜಿಟಿಜಿಟಿ ಮಳೆ ಬೇರೆ, ನಾಲ್ಕು ದಿನದ್ದು ಒಂದೇ ರಾತ್ರಿ ಸುರಿಯುವುದು ಬೇರೆ. ಬಿಸಿಲಿಗೆ ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಸೂಕ್ಷ್ಮಜೀವಿಗಳು ಎದ್ದು ಸೊಪ್ಪು-ಗೊಬ್ಬರವನ್ನು ಒಮ್ಮೆಗೇ ಕೊಳೆಸುತ್ತವೆ. ಹಿಂದೆಯೇ ಜಡಿಮಳೆ ಬಂದರೆ ಬಿಡುಗಡೆಯಾದದ್ದೆಲ್ಲ ತೋಡಿಗೆ. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದಿತ್ತು. ವಾಡಿಕೆ ಜೂನ್ 1. ಪೆರ್ಲದವರು ಯೂರಿಯಾ ಹಾಕಿದ್ದು ಮಳೆ ಶುರುವಾಗುವ ಎರಡು ದಿನ ಮೊದಲು!

ಹಾಗೆ ತೋಡಿಗೆ ಇಳಿದದ್ದು ಹೊಳೆ ಹಿಡಿದು ಕಡಲಿಗೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು. ಲಕ್ಷಾಂತರ ವರ್ಷಗಳಿಂದ ನೆಲದ ಸುಣ್ಣ ಕಡಲು ಸೇರಿದ್ದರಿಂದಲೇ ಮರುವಾಯಿ ಅನ್ನುವ ಚಿಪ್ಪುಜೀವಿಗೆ, ಕಲ್ಲುಮ್ಮಕ್ಕಾಯಿಗೆ ಚಿಪ್ಪು. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಅಜ್ಜಿಯ ಎಲೆಯಡಿಕೆಯ ಸುಣ್ಣ ಚಿಪ್ಪು ಸುಟ್ಟು ಮಾಡಿದ್ದೇ.

ಜನ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಕುಡಿಯುತ್ತದೆ. ನೀರಿನ ಜೊತೆ ಸೇರಿ ಅದು ಕಾರ್ಬೋನಿಕ್ ಆಮ್ಲ, ಗೋಲಿ ಸೋಡದ ಚುರುಕು ಇದೆಯಲ್ಲ, ಅದೇ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು ಈಗ 420 ದಾಟಿದೆ. ಕಡಲ ಮೇಲ್ಪದರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಸಣ್ಣದಾಗಿ ಕಾಣುತ್ತದೆ, ಆದರೆ ಹುಳಿಯ ಲೆಕ್ಕದಲ್ಲಿ ಶೇಕಡಾ 30ರಷ್ಟು ಏರಿಕೆ. ಕಡಲು ಹುಳಿಯಾಯಿತು ಅಂತ ಹೇಳುವವರನ್ನು ನಾನು ತಿದ್ದುತ್ತೇನೆ. ಅದು ಈಗಲೂ ಸುಣ್ಣದ ಕಡೆಗೇ ಇದೆ. ಆದರೆ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟನ್ನು ಈ ಹೊಸ ಹುಳಿ ಮೊದಲೇ ಹಿಡಿದುಕೊಳ್ಳುತ್ತದೆ. ಮರಿಗಳು ಚಿಪ್ಪು ಕಟ್ಟಲು ಜಾಸ್ತಿ ಒದ್ದಾಡಬೇಕು. ಬೆಂಚಿನಲ್ಲಿದ್ದವರಿಗೆ ಒಂದು ಮರುವಾಯಿ ಚಿಪ್ಪಿನ ಮೇಲೆ ಲಿಂಬೆ ಹಿಂಡಿ ತೋರಿಸಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಕಡಲಿನಲ್ಲಿ ನಡೆಯುವುದು ಇಷ್ಟು ಜೋರಾಗಿ ಅಲ್ಲ, ಆದರೆ ಜಾತಿ ಒಂದೇ.

ನಮ್ಮ ಕರಾವಳಿಗೆ ಇನ್ನೊಂದು ಲೆಕ್ಕವೂ ಇದೆ. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ಮೇಲೆದ್ದು ದಡದ ಕಡೆ ಬರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಬೂತಾಯಿ-ಬಂಗುಡೆ ಮೀನಿನ ಸುಗ್ಗಿಗೆ ಅದೇ ಮೂಲ. ಆದರೆ ಅದೇ ನೀರಿನಲ್ಲಿ ಆಮ್ಲಜನಕ ಕಡಿಮೆ, ಪಿಎಚ್ಚೂ ಕಡಿಮೆ. ಅಮೆರಿಕದ ಒರೆಗಾನ್ ಕರಾವಳಿಯಲ್ಲಿ 2007ರ ಸುಮಾರಿಗೆ ಇಂಥ ನೀರು ನುಗ್ಗಿ ಸಿಂಪಿ ಮರಿ ಬೆಳೆಸುವ ತೊಟ್ಟಿಗಳಲ್ಲಿ ಮರಿಗಳು ಸತ್ತವು. ಅವರು ಕೊನೆಗೆ ತೊಟ್ಟಿಗೆ ಸೋಡಾ ಬೂದಿ ಬೆರೆಸಿದರು. ನಾವು ತೋಟಕ್ಕೆ ಸುಣ್ಣ ಹಾಕುವ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ಪಡನ್ನದ ಬಾಟಲಿಯ ಕಥೆ ಬೇರೆಯೇ ಆಗಿತ್ತು. ಆ ಚಿಪ್ಪುಗಳನ್ನು ಕೊಂದದ್ದು ಪಿಎಚ್ ಅಲ್ಲ, ಸಿಹಿನೀರು. ಬೇಗ ಬಂದ ಮಳೆಗೆ ಹೊಳೆ ತುಂಬಿ ಉಪ್ಪು ದಿಢೀರನೆ ಇಳಿದಿತ್ತು. ಕಲ್ಲುಮ್ಮಕ್ಕಾಯಿ ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿ ಕಾಯುತ್ತದೆ. ದಿನಗಟ್ಟಲೆ ಕಾಯಲಾಗದೆ ಸಾಯುತ್ತದೆ. ಅದಕ್ಕೇ ಅಲ್ವಾ ಮಳೆಗಾಲಕ್ಕೆ ಮೊದಲು ಕೊಯ್ಯುವುದು? ಆ ಸಲ ಮಳೆ ಮೊದಲು ಬಂತು, ಕೊಯ್ಲು ಹಿಂದೆ ಉಳಿಯಿತು. ಎಲ್ಲ ಸಾವನ್ನೂ ಹವಾಮಾನ ಬದಲಾವಣೆಯ ಹುಳಿಗೇ ಕಟ್ಟಿದರೆ ಮುಂದಿನ ವರ್ಷವೂ ಕೊಯ್ಲು ತಡವಾಗುತ್ತದೆ.

"ಹಿನ್ನೀರಿಗೂ ಸುಣ್ಣ ಹಾಕಿದರೆ?" ಅಂತ ಪಡನ್ನದವರು ಕೇಳಿದರು. ಕೆಟ್ಟ ಪ್ರಶ್ನೆಯಲ್ಲ, ಕಡಲಿಗೆ ಕ್ಷಾರ ಬೆರೆಸುವ ಬಗ್ಗೆ ವಿಜ್ಞಾನಿಗಳು ಪ್ರಯೋಗ ಮಾಡುತ್ತಿದ್ದಾರೆ. ಆದರೆ ಚಿಪ್ಪಾಗಲಿ ಸುಣ್ಣದ ಕಲ್ಲಾಗಲಿ ಸುಡುವಾಗ ಹೊರಬರುವುದು ಅದೇ ಇಂಗಾಲದ ಡೈಆಕ್ಸೈಡ್, ಕಟ್ಟಿಗೆಯ ಹೊಗೆ ಬೇರೆ.

ಪೆರ್ಲದವರಿಗೆ ಸುಣ್ಣದ ಪ್ರಮಾಣ ಬರೆದುಕೊಟ್ಟೆ. ಯೂರಿಯಾದ ಜೊತೆ ಬೆರೆಸಬೇಡಿ, ಮೂಗಿಗೆ ಅಡರುವ ವಾಸನೆಯಾಗಿ ಸಾರಜನಕ ಗಾಳಿಗೆ ಹೋಗುತ್ತದೆ, ಎರಡು-ಮೂರು ವಾರ ಬಿಟ್ಟು ಹಾಕಿ ಎಂದೆ. ಅವರು ಸುಣ್ಣದ ರೇಟ್ ಕೇಳಿ ಮುಖ ಸಣ್ಣ ಮಾಡಿದರು. ಅಷ್ಟರಲ್ಲಿ ಪಡನ್ನದವರು, ಮನೆ ಹಿಂದೆ ಖಾಲಿ ಚಿಪ್ಪಿನ ಗುಡ್ಡೆಯೇ ಬಿದ್ದಿದೆ, ಬೇಕಾದರೆ ಹೊತ್ತುಕೊಂಡು ಹೋಗಲಿ ಎಂದರು. ಇಬ್ಬರೂ ಪಿಕಪ್ ಬಾಡಿಗೆಯ ಲೆಕ್ಕ ಶುರು ಮಾಡಿದರು. ಸುಡಬೇಡಿ, ಈ ಮಳೆಗಾಲ ಪೂರ್ತಿ ಅಂಗಳದಲ್ಲಿ ಬಿದ್ದಿರಲಿ, ಉಪ್ಪು ತೊಳೆದುಹೋದ ಮೇಲೆ ನುಣ್ಣಗೆ ಪುಡಿ ಮಾಡಿಸಿ ಎಂದೆ.