ಆಪರೇಷನ್‌ಗೆ ಮುಂಚಿನ ನಾಲ್ಕು ವಾರ

ತೀರ್ಥಹಳ್ಳಿ, ಹೊಸನಗರ ಕಡೆ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾಗಿ, ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಪರೇಷನ್‌ಗೆ ತಾರೀಕು ಸಿಕ್ಕಿತು ಅಂದರೆ ಮನೆಯವರು ಮೊದಲು ಅವರನ್ನು ಮಲಗಿಸಿಬಿಡುತ್ತಾರೆ. "ತೋಟಕ್ಕೆ ಹೋಗಬೇಡಿ, ಸುಮ್ನೆ ಇರಿ." ಮೂರು ಹೊತ್ತೂ ಗಂಜಿ. ಮೊನ್ನೆವರೆಗೆ ಸಂಕ ದಾಟಿ ದರೆ ಹತ್ತುತ್ತಿದ್ದ ಕಾಲು ಎರಡು ಮೂರು ವಾರದಲ್ಲೇ ಸೋಲುತ್ತದೆ. ಪ್ರೀತಿಯಿಂದಲೇ ಮಾಡುವುದು, ಆದರೆ ದೊಡ್ಡ ಆಪರೇಷನ್‌ಗೆ ಹೋಗುವವರಿಗೆ ಇದರಿಂದ ನಷ್ಟವೇ ಜಾಸ್ತಿ.

ಮನೆಯವರನ್ನು ದೂರುವ ಹಾಗಿಲ್ಲ. ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದ ಮಾತು ಇದು. ಹೊಟ್ಟೆ ಆಪರೇಷನ್ ಆದವರು ದಿನಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. 1940ರ ದಶಕದಲ್ಲಿ ಆ ನಂಬಿಕೆ ಸಡಿಲವಾಯಿತು. ಅದೇ ಹೊತ್ತಿಗೆ ಬ್ರಿಟಿಷ್ ಸೇನೆ ಇನ್ನೊಂದು ಪ್ರಯೋಗ ಮಾಡಿತು. ದೇಹಬಲ ಸಾಲದ ಯುವಕರನ್ನು ವಾಪಸ್ ಕಳಿಸುವ ಬದಲು ಒಳ್ಳೆ ಊಟ, ವ್ಯಾಯಾಮ, ಪಾಠ ಕೊಟ್ಟು ಮೊದಲೇ ತಯಾರು ಮಾಡಿತು. ಹೀಗೆ ತಯಾರಾದ 12,000 ಜನರಲ್ಲಿ ಶೇ 85 ಮಂದಿ ಸುಧಾರಿಸಿದರು ಎಂದು 1946ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿಯಾಯಿತು. ಹೀಗೆ ಮೊದಲೇ ತಯಾರು ಮಾಡುವುದಕ್ಕೆ ಪ್ರಿಹ್ಯಾಬಿಲಿಟೇಷನ್ ಎಂಬ ಹೆಸರು ಬಳಕೆಗೆ ಬಂದದ್ದೂ ಆಗಲೇ.

ಆಸ್ಪತ್ರೆಯೊಳಗೆ ಈ ವಿಚಾರ ಬಂದದ್ದು ಬರೀ ಮಾತಿನ ಮೂಲಕ. 1964ರಲ್ಲಿ ಬಾಸ್ಟನ್ನಿನ ಅರಿವಳಿಕೆ ವೈದ್ಯ ಲಾರೆನ್ಸ್ ಎಗ್ಬರ್ಟ್ ಮತ್ತು ಅವರ ಜೊತೆಗಾರರು ಹೊಟ್ಟೆ ಆಪರೇಷನ್‌ಗೆ ಬಂದ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಹತ್ತಿರ ಕೂತು, ನೋವು ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ, ಮಗ್ಗುಲಾಗುವಾಗ ಏನು ಮಾಡಬೇಕು ಅಂತ ಬಿಡಿಸಿ ಹೇಳಿದರು. ಅಷ್ಟಕ್ಕೇ ಅವರಿಗೆ ಬೇಕಾದ ನೋವಿನ ಔಷಧ ಸುಮಾರು ಅರ್ಧಕ್ಕೆ ಇಳಿಯಿತು. ಸರಾಸರಿ 2.7 ದಿನ ಮೊದಲೇ ಮನೆಗೂ ಹೋದರು. ಯಾರಿಗೆ ಹೇಳಿದ್ದಾರೆ, ಯಾರಿಗಿಲ್ಲ ಅನ್ನುವುದು ಸರ್ಜನ್‌ಗಳಿಗೆ ಗೊತ್ತೇ ಇರಲಿಲ್ಲ!

ಆಮೇಲೆ 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ರೋಗಿಗಳನ್ನು ಬೇಗ ಎಬ್ಬಿಸಿ ನಡೆಸಿ, ಬೇಗ ಊಟ ಕೊಟ್ಟು ಆಪರೇಷನ್ ನಂತರದ ಆರೈಕೆಯನ್ನೇ ಬದಲಿಸಿದರು. ಕೆನಡಾದ ಮಾಂಟ್ರಿಯಲ್‌ನ ಅರಿವಳಿಕೆ ವೈದ್ಯ ಫ್ರಾಂಕೊ ಕಾರ್ಲಿ ಅವರ ತಂಡ ಆ ಆರೈಕೆಯನ್ನು ಆಪರೇಷನ್‌ಗೆ ಮುಂಚಿನ ದಿನಗಳಿಗೆ ತಂದಿತು. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 77 ಜನರಲ್ಲಿ ಕೆಲವರು ವ್ಯಾಯಾಮ, ಪ್ರೋಟೀನ್, ಮನಸ್ಸು ಹಗುರ ಮಾಡುವ ಅಭ್ಯಾಸಗಳನ್ನು ಆಪರೇಷನ್‌ಗೆ ಸುಮಾರು ನಾಲ್ಕು ವಾರ ಮೊದಲೇ ಶುರು ಮಾಡಿದರು, ಉಳಿದವರು ಆಪರೇಷನ್ ಆದ ಮೇಲೆ. ಎಂಟು ವಾರದ ಹೊತ್ತಿಗೆ ಮೊದಲಿನ ನಡಿಗೆ ವಾಪಸ್ ಬಂದದ್ದು ಮುಂಚೆ ಶುರು ಮಾಡಿದವರಲ್ಲಿ ಶೇ 84 ಮಂದಿಗೆ, ಇನ್ನೊಂದು ಗುಂಪಿನಲ್ಲಿ ಶೇ 62 ಮಂದಿಗೆ. ಅದು 2014ರ ಮಾತು. 2023ರಲ್ಲಿ ಇಂಥದೇ ತಯಾರಿಯ ಬಗ್ಗೆ 251 ಜನರ ಅಧ್ಯಯನದಲ್ಲಿ, ತಯಾರಾದವರಲ್ಲಿ ಆಪರೇಷನ್ ನಂತರದ ಗಂಭೀರ ತೊಂದರೆಗಳು ಶೇ 30ರಿಂದ 17ಕ್ಕೆ ಇಳಿದವು. ಎಲ್ಲ ಅಧ್ಯಯನಗಳೂ ಇಷ್ಟು ಒಳ್ಳೆ ಫಲ ಕೊಟ್ಟಿಲ್ಲ, ಅದನ್ನೂ ಹೇಳಬೇಕು.

ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದ್ದು 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಿಂದ ಬಂದ ಅಧ್ಯಯನ ಅಂತ ನನಗನಿಸುತ್ತದೆ. ಹೊಟ್ಟೆಯ ಮೇಲ್ಭಾಗದ ಆಪರೇಷನ್‌ಗೆ ಮೊದಲು ಫಿಜಿಯೋಥೆರಪಿಸ್ಟ್ ಒಬ್ಬರು ಒಂದೇ ಸಲ, ಅರ್ಧ ಗಂಟೆ ಪಾಠ ಮಾಡಿದರು. ಅರಿವಳಿಕೆ ಕೊಟ್ಟ ಮೇಲೆ ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ಳುತ್ತದೆ, ಕಫ ನಿಲ್ಲುತ್ತದೆ, ನ್ಯುಮೋನಿಯಾ ಹಿಡಿಯುವುದು ಅಲ್ಲಿಂದಲೇ. ಅದಕ್ಕೇ ಎಚ್ಚರವಾದ ಕೂಡಲೇ ಶುರು ಮಾಡಿ ಗಂಟೆಗೊಮ್ಮೆ ನಿಧಾನವಾಗಿ ಆಳವಾದ ಉಸಿರು ತಗೊಳ್ಳಬೇಕು, ಆಮೇಲೆ ಕೆಮ್ಮಬೇಕು. ಇದನ್ನು ಕಲಿತವರಲ್ಲಿ ಶ್ವಾಸಕೋಶದ ತೊಂದರೆ ಶೇ 27ರಿಂದ 12ಕ್ಕೆ ಇಳಿಯಿತು. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಿದರೆ ನೋವು ಕಡಿಮೆ. ಇದನ್ನೆಲ್ಲ ಹೊಲಿಗೆ ಹಾಕಿದ ಮೇಲೆ, ಅರೆ ಮಂಪರಿನಲ್ಲಿ ಕಲಿಯುವುದು ಕಷ್ಟ ಅಲ್ವಾ?

ಊಟದ ಲೆಕ್ಕವೂ ಹಾಗೇ. 60 ಕೆ.ಜಿ. ತೂಕದವರಿಗೆ ದಿನಕ್ಕೆ 70 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಬೇಕು. ಗಂಜಿಯಲ್ಲಿ ಅದು ಸಿಗುವುದಿಲ್ಲ. ಮೊಟ್ಟೆ, ಮೀನು, ಹುರುಳಿ, ಹೆಸರುಕಾಳು, ಮೊಸರು ತಟ್ಟೆಗೆ ಬರಬೇಕು. ಬಾಯಿ ಕ್ಯಾನ್ಸರ್‌ನಿಂದ ಅಗಿಯಲಾಗದವರಿಗೆ ಇವನ್ನೇ ಮೆತ್ತಗೆ ಮಾಡಿ ಕೊಡಬಹುದು. ಬೀಡಿ, ಸಿಗರೇಟು ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯ ಮಾಯುವುದೂ ಸಲೀಸು.

ಮಳೆಗಾಲದಲ್ಲಿ ನಡೆಯುವುದೆಲ್ಲಿ ಅಂತ ಕೇಳುತ್ತೀರಿ. ಜಗಲಿ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿನ ನಡಿಗೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ತೊಡೆಗೆ ಒಳ್ಳೆಯದು. ರಕ್ತ ಕಡಿಮೆ ಇದ್ದವರು, ಹೃದಯದ ತೊಂದರೆ ಇದ್ದವರು, ಮೂಳೆಗೆ ಕ್ಯಾನ್ಸರ್ ಹರಡಿದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಇದಕ್ಕೋಸ್ಕರ ಯಾರೂ ಆಪರೇಷನ್ ಮುಂದೂಡಲೂಬಾರದು.

ತಾರೀಕು ಬರೆಸಿಕೊಂಡು ಘಾಟಿ ಹತ್ತಿ ವಾಪಸ್ ಬರುವ ಮೊದಲೇ ಕೇಳಿ: ಎಷ್ಟು ನಡೆಯಬಹುದು, ಏನು ತಿನ್ನಬೇಕು, ಉಸಿರಿನ ವ್ಯಾಯಾಮ ಯಾರು ಕಲಿಸುತ್ತಾರೆ? ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಅರ್ಧ ಗಂಟೆಯ ಪಾಠ ಕನ್ನಡದಲ್ಲೇ ಸಿಗುವ ಹಾಗಾಗಬೇಕು. ಇದಕ್ಕೆ ದುಬಾರಿ ಯಂತ್ರ ಏನೂ ಬೇಕಿಲ್ಲ.